ಹಂಗಳದಲ್ಲಿಲ್ಲದ ಶಿವಲಕ್ಷ್ಮಿ

ಚಂದಕವಾಡಿಯ ನೀಲಾವತಿ ಮೊದಲಿನಿಂದಲೂ ಪುಕ್ಕಲು. ನಾಯಿ ಬೊಗಳಿದರೆ ರಸ್ತೆಯ ಆ ಬದಿಗೆ ಹೋಗುವಳು. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡದೆ ಮುಂದೆ ಹೋದರೆ ಕೇಳುವುದಕ್ಕೆ ಬಾಯಿ ಬಾರದು. ಚಾಮರಾಜನಗರದಲ್ಲಿ ಗುರುಮಲ್ಲಯ್ಯನವರ ಟೈಪಿಂಗ್ ಇನ್ಸ್‌ಟಿಟ್ಯೂಟಿಗೆ ಕಲಿಯಲು ಬಂದವಳು ಕನ್ನಡ, ಇಂಗ್ಲಿಷ್ ಎರಡೂ ಸೀನಿಯರ್ ಪಾಸು ಮಾಡಿ ಅಲ್ಲೇ ಕೆಲಸಕ್ಕೆ ನಿಂತಳು. ಕೋರ್ಟಿಗೆ ಹೋಗುವ ಅಫಿಡವಿಟ್ಟಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಪೊಲೀಸರು ತನ್ನನ್ನೇ ಹಿಡಿಯುತ್ತಾರೆ ಎಂದುಕೊಂಡು ಮೂರು ಮೂರು ಸಲ ಓದುವಳು. ಗುರುಮಲ್ಲಯ್ಯನವರಿಗೆ ಅದೇ ಬೇಕಾಗಿತ್ತು. "ನಮ್ಮ ನೀಲಾವತಿ ಹೆದರ್ಕೊಂಡು ಹೊಡ್ದ ಟೈಪಿಂಗು, ಜಡ್ಜೂ ತಪ್ಪು ಹುಡ್ಕಕಾಗಲ್ಲ" ಎಂದು ವಕೀಲರಿಗೆ ಹೇಳುತ್ತಿದ್ದರು.

ಮದುವೆಯಾಗಿರಲಿಲ್ಲ. ತಾಯಿ ದೊಡ್ಡಮಲ್ಲಮ್ಮನಿಗೆ ಸಕ್ಕರೆ ಕಾಯಿಲೆ. ಎಡಗಾಲ ಹೆಬ್ಬೆರಳು ಕಪ್ಪಗಾಗಿ, ಮೈಸೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ವಿಷ ಮೇಲೇರಿ, ತೊಂಬತ್ತೇಳರ ಆಗಸ್ಟಿನಲ್ಲಿ ತೀರಿಕೊಂಡಳು. ಅದೇ ತಿಂಗಳು ಚಾಮರಾಜನಗರ ಜಿಲ್ಲೆಯಾಯಿತು. ತಾಯಿಯನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಬರುವಾಗ ಪೇಟೆಯಲ್ಲಿ ಯಾರೋ ಸಿಹಿ ಹಂಚುತ್ತಿದ್ದರು. ಒಬ್ಬಾತ ವ್ಯಾನಿನ ಕಿಟಕಿಯಲ್ಲಿ ಅವಳಿಗೂ ಒಂದು ಮೈಸೂರುಪಾಕು ಚಾಚಿ, ಒಳಗೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದ.

ಜಿಲ್ಲೆಯಾದ ಮೇಲೆ ಆಫೀಸುಗಳು ಬಂದವು, ಅರ್ಜಿಗಳು ಹೆಚ್ಚಿದವು. ತೊಂಬತ್ತೊಂಬತ್ತರ ಆರಂಭದಲ್ಲಿ ಗುರುಮಲ್ಲಯ್ಯ ಒಂದು ಕಂಪ್ಯೂಟರ್ ತಂದು, ಅದಕ್ಕೆ ಟೆಲಿಫೋನ್ ತಂತಿ ಸಿಕ್ಕಿಸಿ, ಬಾಗಿಲಿಗೆ 'ಇಲ್ಲಿ ಇಂಟರ್‌ನೆಟ್ ಇದೆ' ಎಂದು ಬೋರ್ಡು ಬರೆಸಿದರು. ಅದನ್ನು ನಡೆಸಲು ಕಲಿತವಳು ನೀಲಾವತಿ ಒಬ್ಬಳೇ. ಲೈನು ಸಿಗಲು ಹತ್ತು ಸಲ ಡಯಲ್ ಮಾಡಬೇಕು, ಸಿಕ್ಕಿದ ಮೇಲೆ ಮಳೆ ಬಂದರೆ ಕಡಿದುಹೋಗುವುದು.

ಆ ಬೋರ್ಡು ನೋಡಿಕೊಂಡೇ ಮಹಾಲಿಂಗ ಎಂಬಾತ ಒಳಗೆ ಬಂದದ್ದು. ಮೈಸೂರಿನವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲು ಮಾತು. ದುಬೈ, ಮಸ್ಕತ್ತು, ಶಾರ್ಜಾದಲ್ಲಿ ದುಡಿಯುವ ಈ ಸೀಮೆಯ ಜನರಿಗಾಗಿ 'ಊರ ಜಗಲಿ' ಎಂಬ ವೆಬ್‌ಸೈಟು ನಡೆಸುತ್ತೇನೆ ಎಂದು ತೆರೆದು ತೋರಿಸಿದ. ಊರು ಬಿಟ್ಟವರು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದರು. ತೆರಕಣಾಂಬಿಯಲ್ಲಿ ಮಳೆಯಾಯಿತೇ, ಗುಂಡ್ಲುಪೇಟೆಯಲ್ಲಿ ಅರಿಸಿನಕ್ಕೆ ಏನು ದರ, ಯಾರ ಮಗಳ ಮದುವೆ, ಯಾರು ಹೋಗಿಬಿಟ್ಟರು. ಓದುತ್ತ ಓದುತ್ತ ನೀಲಾವತಿಗೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಊರವರ ಮಾತು ಕೇಳಿದ ಹಾಗಾಯಿತು.

"ಇದರಲ್ಲಿ ನೀವೂ ಬರೀಬೇಕು" ಎಂದ ಮಹಾಲಿಂಗ. "ನಿಮ್ಮ ಹೆಸರಲ್ಲಿ ಬೇಡ. ಹಂಗಳ, ಪುಣಜನೂರು, ನಿಮ್ಮ ಚಂದಕವಾಡಿ, ಇಂಥ ಊರಿನವರ ಹೆಸರಲ್ಲಿ. ಮನೆ ಮಾತು, ಅಡಿಗೆ ಮಾತು ಬರೀರಿ. ನಡುವೆ ಒಂದೊಂದು ಸಲ ನಮ್ಮ ವನಬೇರು ಚೂರ್ಣದ ಮಾತು ಬರಲಿ."

ಚೂರ್ಣ ಸಕ್ಕರೆ ಕಾಯಿಲೆಗೆ. ಕಾಡಿನ ಬೇರಿನದು ಎಂದು ಡಬ್ಬಿಯ ಮೇಲೆ ಬರೆದಿತ್ತು.

"ಜಾಹೀರಾತು ಹಾಕ್ಬೋದಲ್ವಾ ಸಾರ್?" ಎಂದು ನೀಲಾವತಿ ಹೆದರುತ್ತಲೇ ಕೇಳಿದಳು.

"ಜಾಹೀರಾತು ಅಂದ ತಕ್ಷಣ ಜನ ಮುಖ ತಿರುಗಿಸ್ತಾರೆ. ಪಕ್ಕದ ಮನೆಯವರು ಹೇಳಿದ್ರೆ ಕೇಳ್ತಾರೆ. ನೀವು ಪಕ್ಕದ ಮನೆಯವರು, ಅಷ್ಟೆ."

ಗುರುಮಲ್ಲಯ್ಯನವರಿಗೆ ಇದು ಟೈಪಿಂಗ್ ಕೆಲಸ ಎಂದಷ್ಟೇ ಗೊತ್ತು. ನೀಲಾವತಿ ಏಳು ಜನರನ್ನು ಹುಟ್ಟಿಸಿದಳು. ಪುಣಜನೂರಿನ ನಿಂಗರಾಜು, ಚಂದಕವಾಡಿಯ ಚಿಕ್ಕನಿಂಗಮ್ಮನ ಮೊಮ್ಮಗಳು, ಹೀಗೆ. ಅವರಲ್ಲಿ ಅವಳಿಗೆ ಹೆಚ್ಚು ಬೇಕಾದವಳು ಹಂಗಳದ ಶಿವಲಕ್ಷ್ಮಿ. ಶಿವಲಕ್ಷ್ಮಿಗೆ ಸಕ್ಕರೆ ಕಾಯಿಲೆಯ ತಾಯಿ ಇದ್ದಳು. ತಾಯಿಯ ಎಡಗಾಲ ಹೆಬ್ಬೆರಳು ಕಪ್ಪಗಾಗಿತ್ತು, ಚೂರ್ಣ ತೆಗೆದುಕೊಂಡ ಇಪ್ಪತ್ತು ದಿನಕ್ಕೆ ಬಣ್ಣ ತಿರುಗಿತು, ಈಗ ಅವ್ವ ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕುಳಿತು ತಾನೇ ಸೊಪ್ಪು ಸೋಸುತ್ತಾಳೆ, ಸಂತೆಗೆ ಬರುತ್ತೇನೆ ಎಂದು ಹಟ ಮಾಡುತ್ತಾಳೆ. ಬರೆಯುತ್ತ ನೀಲಾವತಿಗೆ ಕಣ್ಣು ತುಂಬಿ ಬರುತ್ತಿತ್ತು. ಸತ್ತುಹೋದ ತಾಯಿ ಹಂಗಳದಲ್ಲಿ ಓಡಾಡಿಕೊಂಡಿದ್ದಾಳೆ ಎಂಬ ಹಾಗೆ ವಾರಕ್ಕೊಂದು ಕಾಗದ ಬರೆದಳು. ಇದು ಸುಳ್ಳು ಎಂಬುದು ಗೊತ್ತಿತ್ತು. ಸುಳ್ಳಿನಿಂದ ಯಾರಿಗೆ ಏನಾಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ. ಓದುವವರೆಲ್ಲ ಸಮುದ್ರದಾಚೆ ಇದ್ದರು.

ಒಮ್ಮೆ ಮಹಾಲಿಂಗ ಫೋನು ಮಾಡಿ, "ಶಿವಲಕ್ಷ್ಮಿ ಕಾಗದದಲ್ಲಿ, ಇನ್ಸುಲಿನ್ ಸೂಜಿ ಬಿಟ್ಟುಬಿಟ್ಟೆವು ಅಂತ ಒಂದು ಸಾಲು ಸೇರಿಸಿ" ಎಂದ. "ಅದು ಬೇಕಾ ಸಾರ್?" ಎಂದಳು ನೀಲಾವತಿ. "ಒಂದು ಸಾಲು ತಾನೇ" ಎಂದ ಅವನು. ಅವಳು ಸೇರಿಸಿದಳು.

ಸೆಪ್ಟೆಂಬರಿನ ಒಂದು ಬುಧವಾರ ಹನ್ನೊಂದು ಗಂಟೆಗೆ, ಬುರ್ಖಾ ತೊಟ್ಟ ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಬೋರ್ಡು ಓದಿದಳು. ಮುಖದ ಪರದೆ ಮೇಲೆತ್ತಿ, "ಇಂಟರ್‌ನೆಟ್ಟು ಇಲ್ಲೇನಾ ಸಾರ್?" ಎಂದು ಗುರುಮಲ್ಲಯ್ಯನವರನ್ನು ಕೇಳಿದಳು. ಅವರು ನೀಲಾವತಿಯ ಮೇಜು ತೋರಿಸಿದರು.

"ಅಕ್ಕಾ, ನಾನು ಆಯಿಷಾ ಅಂತ. ಗುಂಡ್ಲುಪೇಟೆಯಿಂದ ಬಂದಿವ್ನಿ. ಇದ್ರಲ್ಲಿ ಒಬ್ರಿಗೆ ಒಂದು ಮಾತು ಕೇಳ್ಬೇಕಿತ್ತು" ಎನ್ನುತ್ತ ಆಕೆ ಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದಳು.

ಮುದ್ರಿಸಿದ ಹಾಳೆ. ಇಂಗ್ಲಿಷ್ ಅಕ್ಷರದ ಕನ್ನಡ. ಮೊದಲ ಸಾಲು ನೋಡುತ್ತಿದ್ದ ಹಾಗೆ ನೀಲಾವತಿಗೆ ಕೊನೆಯ ಸಾಲಿನವರೆಗೂ ಏನಿದೆ ಎಂದು ಗೊತ್ತಾಯಿತು.

"ನಮ್ಮೆಜಮಾನ್ರು ಜುಬೇರ್ ಶಾರ್ಜಾದಲ್ಲಿ ಸೋಫಾ ಹೊಲಿಯೋ ಕಡೆ ಅವ್ರೆ. ಇದ ಅಲ್ಲಿ ಓದಿ ಊರಿಗೆ ಬರೋರ ಕೈಲಿ ಕಳಿಸಿದ್ರು. ನಮ್ಮತ್ತೆಗೆ ಹನ್ನೆರಡು ವರ್ಷದಿಂದ ಸಕ್ರೆ ಕಾಯಿಲೆ. ಕಾಗ್ದದ ಕೆಳಗಿದ್ದ ಅಡ್ರೆಸ್ಸಿಗೆ ಬರೆದು ಪುಡಿ ತರಿಸ್ದೋ. ಈವಮ್ಮ ಬರ್ದಿರೋ ಹಂಗೇ ಸೂಜಿ ಬುಟ್ಟು ಇವತ್ತಿಗೆ ಹತ್ತೊಂಬತ್ತು ದಿನ."

"ಈಗ ಎಂಗವ್ರೆ?" ಎಂದಳು ನೀಲಾವತಿ.

"ಕಾಲ್ಬೆರಳು ಕಪ್ಪಾಗ್ಬುಟ್ಟದೆ. ಮೊನ್ನೆಯಿಂದ ಬರೀ ನಿದ್ದೆ. ಕರುದ್ರೆ ಉಂ ಅಂತಾರೆ, ತಿರ್ಗಾ ನಿದ್ದೆ. ಆಸ್ಪತ್ರೆಗೆ ಹೋಗನ ಅಂದ್ರೆ ಮಾವ ಬ್ಯಾಡ ಅಂತಾರೆ, ಈವಮ್ಮನ ತಾಯಿಗೂ ಇಪ್ಪತ್ತು ದಿನ ಆಗಿತ್ತಲ್ಲ, ಇನ್ನೊಂದು ದಿನ ನೋಡನ ಅಂತ. ಹಂಗಳ ನಮಗೆ ಹತ್ರ. ನಿನ್ನೆ ನಾನೂ ಮಾವನೂ ಹೋಗಿ ವಿಚಾರ್ಸುದ್ವಿ. ಶಿವಲಕ್ಷ್ಮಿ ಅಂತ ಇಬ್ರವ್ರೆ. ಒಂದು ಆರು ವರ್ಷದ ಮಗು. ಇನ್ನೊಬ್ರ ತಾಯಿ ಸತ್ತು ಎಷ್ಟೋ ವರ್ಷ ಆಯ್ತಂತೆ. ಕಾಗ್ದ ಬರ್ದಿರೋ ಈವಮ್ಮ ಮದ್ವೆಯಾಗಿ ಬೇರೆ ಊರಿಗೆ ಹೋಗವ್ರೇನೋ. ಅದಕ್ಕೆ ಇದ್ರಲ್ಲೇ ಕೇಳ್ಬುಡನ ಅಂತ ಬಂದೆ. ನಿಮ್ಮ ತಾಯಿಗೂ ಇಂಗೇ ನಿದ್ದೆ ಬತ್ತಿತ್ತಾ, ಇಷ್ಟು ಕೇಳಿ ಅಕ್ಕಾ."

ನೀಲಾವತಿಗೆ ತನ್ನ ತಾಯಿಯ ಕಡೆಯ ಎರಡು ದಿನ ಕಣ್ಣ ಮುಂದೆ ಬಂತು. ಅದೇ ನಿದ್ದೆ. ಕರೆದರೆ ಅದೇ ಉಂ. ಎದ್ದು ಓಡಿಹೋಗಬೇಕು ಎನ್ನಿಸಿತು. ಬಾಗಿಲಲ್ಲಿ ಗುರುಮಲ್ಲಯ್ಯ ಪೇಪರು ಓದುತ್ತ ಕೂತಿದ್ದರು. ನಾನೇ ಬರೆದೆ ಎಂದರೆ ಈ ಹೆಂಗಸು ಕೂಗುತ್ತಾಳೆ, ಜನ ಸೇರುತ್ತಾರೆ, ಎದುರಿಗೇ ಕೋರ್ಟು. ಡಯಲ್ ಮಾಡಿದಳು. ನಾಲ್ಕನೆಯ ಸಲಕ್ಕೆ ಲೈನು ಸಿಕ್ಕಿತು. ಆಯಿಷಾ ಹೇಳಿದ ಪ್ರಶ್ನೆಯನ್ನು ಅವಳ ಹೆಸರಿನಲ್ಲೇ ಟೈಪು ಮಾಡಿ ಹಾಕಿದಳು.

"ಉತ್ತರ ಬರೋದಕ್ಕೆ ಸ್ವಲ್ಪ ಹೊತ್ತಾಗತ್ತೆ. ಏನಾರ ತಿಂದ್ಕೊಂಡು ಬನ್ನಿ" ಎಂದು ಆಯಿಷಾಳನ್ನು ಹೊರಗೆ ಕಳಿಸಿದಳು. ಆ ಹೊತ್ತಿನಲ್ಲಿ ಅವಳಿಗೆ ತೋಚಿದ ಉಪಾಯ ಒಂದೇ. ಶಿವಲಕ್ಷ್ಮಿಯ ಕೈಯಲ್ಲೇ ನಿಜ ಹೇಳಿಸುವುದು. ಅವಳ ಪಾಸ್‌ವರ್ಡು ಹಾಕಿ ಬರೆದಳು: 'ತಂಗಿ ಆಯಿಷಾ, ಈಗಲೇ ಸೂಜಿ ಹಾಕಿಸು. ಒಂದು ಗಳಿಗೆಯೂ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ಚೂರ್ಣ ನಿಲ್ಲಿಸು.' ಪುಟದಲ್ಲಿ ಅದು ಮೂಡಿದ್ದನ್ನು ನೋಡಿ ಉಸಿರು ಬಿಟ್ಟಳು. ಯಾರಿಗೂ ಗೊತ್ತಾಗುವುದಿಲ್ಲ, ಆ ತಾಯಿಯೂ ಉಳಿಯುತ್ತಾಳೆ.

ಮುಕ್ಕಾಲು ಗಂಟೆಯ ಮೇಲೆ ಆಯಿಷಾ ಬಂದಳು. ಅಷ್ಟರಲ್ಲಿ ಲೈನು ಕಡಿದಿತ್ತು. ಮತ್ತೆ ಸಿಕ್ಕಿಸಿ ಪುಟ ತೆರೆದರು. ಮೇಲಿನಿಂದ ಒಂದೊಂದೇ ಸಾಲು ಬಿಚ್ಚಿಕೊಂಡಿತು. ಆಯಿಷಾ ಪಿಯುಸಿವರೆಗೆ ಓದಿದವಳು, ತಾನೇ ಬಗ್ಗಿ ಗಟ್ಟಿಯಾಗಿ ಓದಿದಳು:

'ತಂಗಿ ಆಯಿಷಾ, ಹೆದರಬೇಡ. ನಮ್ಮವ್ವನಿಗೂ ಹೀಗೇ ನಿದ್ದೆ ಬರುತ್ತಿತ್ತು. ಒಳಗಿನ ವಿಷ ಇಳಿಯುವಾಗ ಮೈ ನಿದ್ದೆ ಕೇಳುತ್ತದೆ. ಈಗ ಸೂಜಿ ಹಾಕಿಸಿದರೆ ಇಷ್ಟು ದಿನದ್ದೆಲ್ಲ ನೀರುಪಾಲು. ಒಂದು ಚಮಚ ಇದ್ದದ್ದನ್ನು ಎರಡು ಚಮಚ ಮಾಡು. ನಿನ್ನ ಅಕ್ಕ, ಹಂಗಳದ ಶಿವಲಕ್ಷ್ಮಿ.'

ನೀಲಾವತಿ ಪುಟವನ್ನು ಮೇಲೆ ಕೆಳಗೆ ಎಳೆದು ನೋಡಿದಳು. ತಾನು ಬರೆದ ಉತ್ತರ ಎಲ್ಲಿಯೂ ಇರಲಿಲ್ಲ. ಶಿವಲಕ್ಷ್ಮಿಯ ಪಾಸ್‌ವರ್ಡು ಮತ್ತೆ ಹಾಕಿದಳು. ಒಳಗೆ ಬಿಡಲಿಲ್ಲ. ಅವಳು ಹುಟ್ಟಿಸಿದ ಹೆಂಗಸು, ಅವಳದೇ ಮಾತಿನ ವರಸೆಯಲ್ಲಿ, ಅವಳನ್ನು ಬಿಟ್ಟು ಮಾತಾಡುತ್ತಿದ್ದಳು. ಮೈಸೂರಿನಲ್ಲಿ ಯಾರೋ ಇಡೀ ದಿನ ಇದರ ಮುಂದೆ ಕುಳಿತಿರುತ್ತಾರೆ, ಬರೆಯುವವಳು ತಾನೊಬ್ಬಳೇ ಅಲ್ಲ ಎಂಬುದು ಆಗ ಹೊಳೆಯಿತು.

ಆಯಿಷಾಳ ಮುಖ ಮಾತ್ರ ಬೆಳಿಗ್ಗೆ ಬಂದಾಗ ಇದ್ದಂತಿರಲಿಲ್ಲ. "ಸದ್ಯ" ಎಂದಳು. "ಎದೆ ಮೇಲಿನ ಕಲ್ಲು ಇಳೀತು ಅಕ್ಕಾ. ಮಾವ ಹೇಳಿದ್ದೇ ಸರಿ. ಎರಡು ಚಮಚ ಹಾಕ್ಬೇಕಂತೆ. ಎಷ್ಟಾಯ್ತು ನಿಮಗೆ?" ಎಂದು ಪರ್ಸಿಗೆ ಕೈಹಾಕಿ ಎದ್ದಳು.

ಅವಳು ಬಾಗಿಲು ದಾಟಿದರೆ ಮುಗಿಯಿತು. ನೀಲಾವತಿ ಎದ್ದು ನಿಂತಳು. ಆಯಿಷಾ ಪರದೆ ಇಳಿಸಿಕೊಂಡು ಮೆಟ್ಟಿಲ ಹತ್ತಿರ ಹೋಗಿದ್ದಳು.

"ಅವ್ಳಿಲ್ಲ ಕಣಮ್ಮಿ" ಎಂದಳು ನೀಲಾವತಿ.

ಆಯಿಷಾ ತಿರುಗಿದಳು. ಗುರುಮಲ್ಲಯ್ಯನವರೂ ಪೇಪರಿನಿಂದ ತಲೆ ಎತ್ತಿದರು.

"ಹಂಗಳದ ಶಿವಲಕ್ಷ್ಮಿ ಅನ್ನೋಳು ಇಲ್ಲ. ಆ ಕಾಗ್ದ ಬರ್ದೋಳು ನಾನು. ಪುಡಿ ಮಾರೋರು ಬರೆಸುದ್ರು. ಈಗ ಬಂದಿರೋ ಉತ್ತರ ನಾನು ಬರ್ದಿದ್ದಲ್ಲ, ಯಾರು ಬರುದ್ರೋ ನಂಗೆ ಗೊತ್ತಿಲ್ಲ. ನಮ್ಮವ್ವನಿಗೆ ಕಾಲು ವಾಸಿ ಆಗ್ಲಿಲ್ಲ. ಇಂಗೇ ಎರಡು ದಿನ ನಿದ್ದೆ ಮಾಡಿ ಸತ್ತೋದ್ಲು."

ಕೂಗುತ್ತಾಳೆ ಎಂದು ಹೆದರಿದ್ದಳು. ಆಯಿಷಾ ಕೂಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನೂ ನೀಲಾವತಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಅದುವರೆಗೆ ಅಕ್ಕ ಎನ್ನುತ್ತ ಬಹುವಚನದಲ್ಲಿ ಮಾತಾಡುತ್ತಿದ್ದವಳು, "ಬಾ" ಎಂದಳು. "ನಾನು ಹೇಳುದ್ರೆ ನಮ್ಮನೇಲಿ ನಂಬಲ್ಲ. ಮಗ ಕಳಿಸಿರೋ ಕಾಗ್ದ ಅದು. ನೀನೇ ಬಂದು ಹೇಳು."

ಗುರುಮಲ್ಲಯ್ಯ ಪೇಪರು ಮಡಿಸಿಟ್ಟರು. ಎದ್ದು ಕಂಪ್ಯೂಟರಿಗೆ ಸಿಕ್ಕಿಸಿದ್ದ ಫೋನಿನ ತಂತಿ ಎಳೆದು ತೆಗೆದರು. "ಮೊದ್ಲು ಓಗು. ಆಮೇಲೆ ನೋಡನ" ಎಂದರು.

ಗುಂಡ್ಲುಪೇಟೆಗೆ ಬಸ್ಸು ಒಂದೂವರೆ ಗಂಟೆ ತೆಗೆದುಕೊಂಡಿತು. ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತಿದ್ದರು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಇಳಿದುಬಿಡಲೇ ಎಂದು ನೀಲಾವತಿಗೆ ಅನ್ನಿಸಿತು. ಎಲೆಕೋಸಿನ ಮೂಟೆ ಏರಿಸುತ್ತಿದ್ದರು, ಬಾಗಿಲು ತೆರೆದೇ ಇತ್ತು. ಇಳಿಯಲಿಲ್ಲ. ಮನೆಯ ಗಂಡಸರು ಹೊಡೆಯಬಹುದು, ಕಟ್ಟಿಹಾಕಬಹುದು. ಅದಕ್ಕಿಂತ ದೊಡ್ಡ ಹೆದರಿಕೆ, ಹೋಗುವಷ್ಟರಲ್ಲಿ ಆಕೆ ತೀರಿಕೊಂಡು ಬಾಗಿಲ ಮುಂದೆ ಜನ ಸೇರಿದ್ದರೆ ಎಂಬುದು.

ಜನ ಸೇರಿರಲಿಲ್ಲ. ಆಯಿಷಾಳ ಮಾವ ಅಪ್ಸರ್ ಪಾಷಾ ಹಾಸಿಗೆ ಹೊಲಿಯುವವರು. ಮುಂದಿನ ಕೋಣೆಯ ತುಂಬ ಹತ್ತಿ. ಒಳಗೆ ಚಾಪೆಯ ಮೇಲೆ ಕರೀಮುನ್ನೀಸಾ ಮಲಗಿದ್ದರು. ಬಲಗಾಲು ಹೊದಿಕೆಯ ಹೊರಗಿತ್ತು, ನೀಲಾವತಿಗೆ ವಾಸನೆಯಿಂದಲೇ ಎಲ್ಲ ಗೊತ್ತಾಯಿತು. ಆಯಿಷಾ ಉರ್ದುವಿನಲ್ಲಿ ಮಾವನಿಗೆ ಹೇಳತೊಡಗಿದಳು. ಅವರು ನಡುವೆಯೇ ತಡೆದು, "ಜುಬೇರ್ ಕಳಿಸಿರೋ ಔಷಧ ಅದು. ಅವನು ತಾಯಿಗೆ ಕೆಟ್ಟದ್ದು ಕಳಿಸ್ತಾನಾ?" ಎಂದು ನೀಲಾವತಿಯ ಕಡೆಗೆ ತಿರುಗಿ ಕನ್ನಡದಲ್ಲಿ ಕೇಳಿದರು.

"ನಿಮ್ಮ ಮಗ ನಂಬಿ ಕಳಿಸಿದ್ದಾರೆ. ನಂಬಂಗೆ ಬರ್ದೋಳು ನಾನು" ಎಂದಳು ನೀಲಾವತಿ. "ಸೊಪ್ಪು ಸೋಸ್ತಾಳೆ, ಸಂತೆಗೆ ಬತ್ತಿನಿ ಅಂತಾಳೆ ಅಂತೆಲ್ಲ ಬರ್ದಿವ್ನಲ್ಲ, ನಮ್ಮವ್ವ ಸತ್ತು ಎರಡು ವರ್ಷ ಆಯ್ತು. ಇಷ್ಟೇ ಕಪ್ಪಾಗಿತ್ತು. ನಿಮ್ಮ ಕಾಲಿಗೆ ಬೀಳ್ತಿನಿ, ಈಗ ಎತ್ಕೊಳ್ಳಿ. ಬಯ್ಯೋದಾದ್ರೆ ಆಮೇಲೆ ಬಯ್ರಿ, ಎಲ್ಲೂ ಓಡೋಗಲ್ಲ."

ಅಪ್ಸರ್ ಪಾಷಾ ಹೊರಗೆ ಹೋಗಿ ಪಕ್ಕದ ಮನೆಯವರ ಮೆಟಡೋರ್ ತಂದು ನಿಲ್ಲಿಸಿದರು. ಹತ್ತಿಯ ಹಾಸಿಗೆಯೊಂದನ್ನು ಒಳಗೆ ಹಾಸಿ ಕರೀಮುನ್ನೀಸಾರನ್ನು ಮಲಗಿಸಿದರು. ಗುಂಡ್ಲುಪೇಟೆಯ ಡಾಕ್ಟರು ಒಂದು ಸೂಜಿ ಹಾಕಿ, ಸಲೈನ್ ಬಾಟಲಿ ಏರಿಸಿ, ನಿಲ್ಲದೆ ಮೈಸೂರಿಗೆ ಹೋಗಿ ಎಂದರು. ನೀಲಾವತಿಯೂ ಜೊತೆಗೆ ಹೋದಳು. ದಾರಿಯುದ್ದಕ್ಕೂ ಬಾಟಲಿ ಹಿಡಿದುಕೊಂಡಿದ್ದವಳು ಅವಳೇ. ಕೈ ಮರಗಟ್ಟಿದರೂ ಯಾರಿಗೂ ಕೊಡಲಿಲ್ಲ. ಬಾಟಲಿಯಲ್ಲಿ ಹನಿ ಬೀಳುವುದು ನಿಂತಿತೇನೋ ಎಂದು ಅದನ್ನೇ ನೋಡುತ್ತ, ಮೈಸೂರಿನಿಂದಲೇ ತನ್ನ ತಾಯಿಯ ಹೆಣ ತಂದದ್ದು ನೆನಪಾಗಿ, ಹಲ್ಲು ಕಚ್ಚಿಕೊಂಡು ಕುಳಿತಳು.

ಕರೀಮುನ್ನೀಸಾ ಬದುಕಿದರು. ಬಲಗಾಲಿನ ಪಾದವನ್ನು ಕಣಕಾಲಿನ ತನಕ ತೆಗೆಯಬೇಕಾಯಿತು. ಒಂದು ವಾರ ಮೊದಲೇ ಬಂದಿದ್ದರೆ ಬೆರಳಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಆಯಿಷಾಳಿಗೆ ಹೇಳಿದ್ದು ನೀಲಾವತಿಯ ಕಿವಿಗೂ ಬಿತ್ತು.

ಅವಳು ಅಂಗಡಿಗೆ ಮರಳಿದ ದಿನವೇ ಮಹಾಲಿಂಗನ ಫೋನು ಬಂತು. ದನಿ ಎಂದಿನ ಹಾಗೆ ಮೆತ್ತಗಿತ್ತು. "ಏನೇನೋ ಮಾತಾಡ್ತಿದ್ದೀರಂತೆ. ಕಾಗದ ಬರೆದವರು ನೀವು. ದುಡ್ಡು ತಗೊಂಡು ವೋಚರಿಗೆ ಸಹಿ ಹಾಕಿದವರು ನೀವು. ಪೊಲೀಸರು ಬಂದ್ರೆ ಎಲ್ಲಿಗೆ ಬರ್ತಾರೆ, ನೀವೇ ಯೋಚನೆ ಮಾಡಿ." ಆಮೇಲೆ ಜೀಪಿನ ಸದ್ದು ಕೇಳಿದರೆ ಸಾಕು, ನೀಲಾವತಿಯ ಬೆರಳು ಕೀಲಿಗಳ ಮೇಲೆ ನಿಂತುಬಿಡುತ್ತಿತ್ತು. ಊಟ ಸೇರುತ್ತಿರಲಿಲ್ಲ. ಬಾಗಿಲಲ್ಲಿ ಖಾಕಿ ಕಂಡರೆ ಎದ್ದು ಒಳಕೋಣೆಗೆ ಹೋಗುವಳು, ಬಂದವನು ಅಂಚೆಯವನಾಗಿರುತ್ತಿದ್ದ.

ಮೂರು ವಾರದ ಮೇಲೆ ಅಪ್ಸರ್ ಪಾಷಾ ಬಂದರು. ಅವಳ ಮೇಜಿನ ಮುಂದೆ ಕುಳಿತು, "ಜುಬೇರ್ ಫೋನ್ ಮಾಡಿದ್ದ. ಅಲ್ಲಿ ಇನ್ನೂ ಜನ ಆ ಪುಡಿ ತರಿಸ್ತಾವ್ರಂತೆ. ಇವನು ನಿಜ ಬರುದ್ರೆ ಅಳಿಸಿಹಾಕ್ತಾರಂತೆ. ನೀನು ನಿನ್ನ ಕೈಲಿ ಬರ್ದು ಸಹಿ ಹಾಕಿ ಕೊಡು. ಅವನು ಕಾಪಿ ಮಾಡಿ ಎಲ್ರಿಗೂ ತೋರಿಸ್ತಾನೆ" ಎಂದರು. ಆಮೇಲೆ ತಡೆದು, "ಬ್ಯಾಡ ಅಂದ್ರೆ ಬಲವಂತ ಇಲ್ಲ. ನಿನಗೆ ತೊಂದ್ರೆ ಆಗ್ಬೋದು, ಅದೂ ಗೊತ್ತು" ಎಂದರು.

ನೀಲಾವತಿ ಗುರುಮಲ್ಲಯ್ಯನವರ ಮುಖ ನೋಡಿದಳು. ಅವರು ಕನ್ನಡಕ ಒರೆಸುತ್ತಿದ್ದರು. "ಸಹಿ ಹಾಕುದ್ರೆ ನಿನ್ ಕುತ್ಗೆಗೆ ಬರತ್ತೆ ಕಣಮ್ಮಿ. ನಾನು ಹಾಕು ಅನ್ನಲ್ಲ, ಬ್ಯಾಡ ಅಂತಾನೂ ಅನ್ನಲ್ಲ" ಎಂದರು.

ಅವಳು ಟೈಪು ಮಾಡಲಿಲ್ಲ. ಬಿಳಿ ಹಾಳೆ ತೆಗೆದುಕೊಂಡು ಕೈಯಲ್ಲೇ ಬರೆದಳು. ಎರಡು ಹಾಳೆ ಹರಿದುಹಾಕಿ ಮತ್ತೆ ಬರೆದಳು. ಏಳು ಹೆಸರು, ಏಳು ಊರು, ಇವರು ಯಾರೂ ಇಲ್ಲ, ಚೂರ್ಣ ಮಾರುವವರಿಗಾಗಿ ಬರೆದವಳು ನಾನು, ಈಗ ಈ ಹೆಸರಿನಲ್ಲಿ ಬರೆಯುತ್ತಿರುವವರು ಬೇರೆ ಯಾರೋ, ಸೂಜಿ ಬಿಡಬೇಡಿ. ಕೆಳಗೆ ತನ್ನ ಪೂರ್ತಿ ಹೆಸರು, ತಂದೆ ಮೂಗಯ್ಯನ ಹೆಸರು, ಚಂದಕವಾಡಿ, ಚಾಮರಾಜನಗರ ತಾಲ್ಲೂಕು ಎಂದು ಬರೆದು ಸಹಿ ಹಾಕಿದಳು.

ಜುಬೇರ್ ಅದನ್ನು ಶಾರ್ಜಾದ ಕೆಲಸಗಾರರ ಕ್ಯಾಂಪುಗಳಲ್ಲಿ, ಊಟದ ಹಾಲಿನ ಗೋಡೆಗೆ ಅಂಟಿಸಿದನಂತೆ. 'ಊರ ಜಗಲಿ' ಮತ್ತೂ ಐದಾರು ತಿಂಗಳು ನಡೆದು ಒಂದು ದಿನ ತೆರೆಯದಾಯಿತು. ಅಲ್ಲಿಯವರೆಗೂ ಹಂಗಳದ ಶಿವಲಕ್ಷ್ಮಿ ವಾರಕ್ಕೊಂದು ಕಾಗದ ಬರೆಯುತ್ತಲೇ ಇದ್ದಳು. ನೀಲಾವತಿ ಹೆದರಿಕೊಂಡೇ ತೆರೆದು ಓದುತ್ತಿದ್ದಳು. ಪೊಲೀಸರು ಬರಲಿಲ್ಲ. ಮಹಾಲಿಂಗ ಮತ್ತೆ ಫೋನು ಮಾಡಲಿಲ್ಲ.

ಅವಳು ಆ ಅಂಗಡಿಯಲ್ಲೇ ಉಳಿದಳು. ಎರಡು ತಿಂಗಳಿಗೊಮ್ಮೆ ಗುಂಡ್ಲುಪೇಟೆಗೆ ಹೋಗಿ ಕರೀಮುನ್ನೀಸಾರನ್ನು ನೋಡಿ ಬರುವಳು. ಮೊದಲ ಎರಡು ಸಲ ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಮೂರನೆಯ ಸಲ ಎದ್ದು ಕುಳಿತು, "ನಿನ್ನ ತಾಯಿ ಹೆಸರೇನು?" ಎಂದು ಕೇಳಿದರು. ಹೇಳಿದಳು. ಕ್ಷಮಿಸಿದೆ ಎಂದು ಅವರು ಯಾವತ್ತೂ ಅನ್ನಲಿಲ್ಲ, ಇವಳೂ ಕೇಳಲಿಲ್ಲ. ಆಯಿಷಾ ಟೀ ತಂದುಕೊಡುತ್ತಿದ್ದಳು.

ಪೊಲೀಸರ ಹೆದರಿಕೆ ಬರಬರುತ್ತ ಕಡಿಮೆಯಾಯಿತು. ಇನ್ನೊಂದು ಹೆದರಿಕೆ ಕಡಿಮೆಯಾಗಲಿಲ್ಲ. ಆಯಿಷಾ ಹಾಳೆ ಹಿಡಿದು ಬಂದದ್ದರಿಂದ ಒಂದು ಮನೆ ಗೊತ್ತಾಯಿತು. ಬಾರದವರು ಎಷ್ಟು ಜನವೋ, ಯಾವ ಊರುಗಳಲ್ಲೋ. ಜಿಲ್ಲಾ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತವರು ಕಂಡರೆ ಅವಳು ನಿಲ್ಲುತ್ತಿದ್ದಳು. ಹತ್ತಿರ ಹೋಗಿ, "ಸೂಜಿ ಹಾಕುಸ್ಕೊತಿದ್ದೀರಾ?" ಎಂದು ಕೇಳುತ್ತಿದ್ದಳು. ಯಾರೋ ನರ್ಸಮ್ಮ ಇರಬೇಕು ಎಂದುಕೊಂಡು ಅವರು ಉತ್ತರ ಹೇಳುತ್ತಿದ್ದರು.